ಕಡಗೋಲು ಹಿಡಿದ ಡ್ರೈವರ್ ರುದ್ರಣ್ಣ

ನವೆಂಬರ್ ತಿಂಗಳ ಎರಡನೇ ಭಾನುವಾರ. ಬೆಳಿಗ್ಗೆ ಆರೂ ಕಾಲಿಗೆ ಬರೆಯಲು ಕುಳಿತಿದ್ದೇನೆ. ವಾರದ ಉಳಿದ ದಿನಗಳಲ್ಲಿ ಇದು ನಾನು ಮೊದಲ ಬಸ್ಸು ಹತ್ತುವ ಹೊತ್ತು.

ರುದ್ರಣ್ಣ ಎಂದರೆ ನನಗೆ ಮೊದಲು ಕಾಣುವುದು ಅವರ ಅಂಗೈಗಳು. ಬಸ್ಸಿನ ಮುಂಬಾಗಿಲ ಮೆಟ್ಟಿಲ ಮೇಲೆ ಕುಳಿತು, ಎರಡು ಪಾದಗಳ ನಡುವೆ ಸ್ಟೀಲಿನ ಹಾಲಿನ ಕ್ಯಾನು ಇಟ್ಟುಕೊಂಡು, ಕಡಗೋಲನ್ನು ಅಂಗೈಗಳ ನಡುವೆ ಉರುಳಿಸುತ್ತಿದ್ದರು. ಕ್ಯಾನಿನೊಳಗೆ ಮಜ್ಜಿಗೆಯಲ್ಲ, ಹಣ್ಣು. ಬಟರ್ ಫ್ರೂಟು, ಬಾಳೆ, ಪಪ್ಪಾಯಿ, ಮೇಲೊಂದಿಷ್ಟು ಹಾಲು. ಖಾಕಿ ಅಂಗಿಯ ತೋಳು ಮೊಣಕೈವರೆಗೆ ಮಡಚಿರುತ್ತಿತ್ತು. ಕಡೆದು ಮುಗಿಯುವವರೆಗೆ ಅವರು ಯಾರೊಂದಿಗೂ ಮಾತಾಡುತ್ತಿರಲಿಲ್ಲ.

ನಮ್ಮ ಊರು ಹೆತ್ತೂರಿನಿಂದ ಇನ್ನೂ ಒಳಗೆ. ಸಂಜೆ ಸಕಲೇಶಪುರದಿಂದ ಬಂದ ಬಸ್ಸು ರಾತ್ರಿ ನಮ್ಮಲ್ಲೇ ನಿಂತು, ಬೆಳಿಗ್ಗೆ ಅಲ್ಲಿಂದಲೇ ಹೊರಡುತ್ತದೆ. ಡ್ರೈವರು, ಕಂಡಕ್ಟರು ಪಂಚಾಯ್ತಿ ಕಟ್ಟಡದ ಪಕ್ಕದ ಕೋಣೆಯಲ್ಲಿ ಮಲಗುತ್ತಾರೆ. ಈ ನೈಟ್ ಹಾಲ್ಟ್ ಯಾರಿಗೂ ಇಷ್ಟವಿಲ್ಲ. ಬಂದವರು ಕೆಲವೇ ತಿಂಗಳಲ್ಲಿ ಬೇರೆ ರೂಟು ಕೇಳಿಕೊಂಡು ಹೋಗುತ್ತಿದ್ದರು. ರುದ್ರಣ್ಣ ಮಾತ್ರ ತಾವಾಗಿಯೇ ಕೇಳಿಕೊಂಡು ಬಂದರು. ಅವರ ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಕುಂದೂರಿನಲ್ಲಿ ಒಂದು ಬಾಡಿಗೆ ಮನೆ ಇತ್ತು, ಅದರಲ್ಲಿ ಅವರಿಗೆ ಕಾಯುವವರು ಯಾರೂ ಇರಲಿಲ್ಲ.

ಡಿಪೋದಲ್ಲಿ ನಡೆದ ತಪಾಸಣೆಯಲ್ಲಿ ಅವರಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಅದು ಎಷ್ಟು ವರ್ಷದಿಂದ ಇತ್ತೋ, ಅವರು ಅದಕ್ಕೆ ಮೊದಲು ರಕ್ತ ಕೊಟ್ಟು ನೋಡಿಸಿದವರೇ ಅಲ್ಲ. ಆರು ತಿಂಗಳ ಬಳಿಕ ಮತ್ತೆ ಪರೀಕ್ಷೆ ಇತ್ತು. ಅಷ್ಟರಲ್ಲಿ ಹತೋಟಿಗೆ ಬರದಿದ್ದರೆ ಸ್ಟೇರಿಂಗ್ ಬಿಟ್ಟು ಡಿಪೋದೊಳಗಿನ ಕೆಲಸಕ್ಕೆ ಹೋಗಬೇಕು. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಬೋಂಡ ಬಿಡಿ, ಸಕ್ಕರೆ ಹಾಕಿದ ಕಾಫಿ ಬಿಡಿ, ಹಣ್ಣು ತರಕಾರಿ ತಿನ್ನಿ ಎಂದರಂತೆ. ರುದ್ರಣ್ಣನ ಮನಸ್ಸಿನಲ್ಲಿ ಉಳಿದದ್ದು ಹಣ್ಣು ಎಂಬ ಒಂದೇ ಮಾತು. ಒಂದು ಮಿಕ್ಸಿ ತಂದರು. ಬೆಳಗಿನ ಹೊತ್ತು ಕರೆಂಟೇ ಇರುತ್ತಿರಲಿಲ್ಲವಾದ್ದರಿಂದ ಅದನ್ನು ಹಿಂದಕ್ಕೆ ಕೊಟ್ಟು, ಅದೇ ಅಂಗಡಿ ಸಾಲಿನಲ್ಲಿ ಕಡಗೋಲು ಕೊಂಡರು.

ನಮ್ಮ ಕಡೆ ಕಾಫಿ ಗಿಡಗಳ ನಡುವೆ ಬಟರ್ ಫ್ರೂಟು, ಕಿತ್ತಳೆ, ಬಾಳೆ ತಾವಾಗಿಯೇ ಬೆಳೆದ ಹಾಗೆ ಬೆಳೆಯುತ್ತವೆ. ಡ್ರೈವರಣ್ಣನಿಗೆ ಹಣ್ಣು ಬೇಕಂತೆ ಎಂಬ ಸುದ್ದಿ ಹಬ್ಬಿದ್ದೇ ತಡ, ಸಂಜೆಯ ಬಸ್ಸಿನ ಎಂಜಿನ್ ಬಾನೆಟ್ಟಿನ ಮೇಲೆ ಚೀಲಗಳು ಕೂರತೊಡಗಿದವು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಸಪೋಟ ತಂದರು. ಕೂಲಿಯವರ ಲೈನ್ ಮನೆಗಳ ಹೆಂಗಸರು ಪುಟ್ಟಬಾಳೆ ತಂದರು. ಒಬ್ಬರು ಬಾಟಲಿಯಲ್ಲಿ ಜೇನು ಇಟ್ಟುಹೋದರು. ಎರಡು ಸ್ಟಾಪಿನಾಚೆ ಹತ್ತುವ ನಿಂಗಮ್ಮ, ವಯಸ್ಸಾದವರು, ತಮ್ಮ ಹಿತ್ತಲಿನ ಪಪ್ಪಾಯಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು ರುದ್ರಣ್ಣನ ಕೈಗೇ ಕೊಡುತ್ತಿದ್ದರು. ಕೊಟ್ಟ ಹಣ್ಣನ್ನು ಬೇಡ ಎನ್ನುವುದು ನಮ್ಮಲ್ಲಿ ಮನೆಯ ಬಾಗಿಲು ಹಾಕಿದಷ್ಟೇ ದೊಡ್ಡ ಮಾತು. ರುದ್ರಣ್ಣ ಇನ್ನೂ ಮುಂದೆ ಹೋಗಿ, ಎಲ್ಲರ ಹಣ್ಣಿನಲ್ಲೂ ಒಂದು ತುಂಡಾದರೂ ಕ್ಯಾನಿಗೆ ಬೀಳಬೇಕು ಎಂದು ನಿಯಮ ಮಾಡಿಕೊಂಡಿದ್ದರು. ಯಾಕೆ ಎಂದು ನಾನು ಕೇಳಿದ್ದಕ್ಕೆ ಹೇಳಿದರು.

“ಒಬ್ರುದು ಹಾಕಿ ಒಬ್ರುದು ಬುಟ್ರೆ ಬಸ್ಸೊಳಗೆ ಎರಡು ಪಾರ್ಟಿ ಆಯ್ತವೆ ಕಣವ್ವ. ಆಮೇಲೆ ನಾನು ಯಾರ ಕಡೀಕೆ ಬಸ್ ಓಡಿಸ್ಲಿ?”

ಕಡೆದದ್ದನ್ನು ದೊಡ್ಡ ಲೋಟದಲ್ಲಿ ತಾವು ಕುಡಿದು, ಉಳಿದದ್ದನ್ನು ಬಸ್ಸಿಗೆ ಕಾದವರಿಗೆ ಹಂಚುತ್ತಿದ್ದರು. ಬರೀ ಕಾಫಿ ಕುಡಿದು ಕೆಲಸಕ್ಕೆ ಹೋಗುತ್ತಿದ್ದ ಹೆಂಗಸರಿಗೆ ಅದೇ ಬೆಳಗಿನ ತಿಂಡಿಯಾಯಿತು. ನಾನೂ ಅದನ್ನೇ ರೂಢಿ ಮಾಡಿಕೊಂಡೆ. ಕಂಡಕ್ಟರ್ ಕಾಂತರಾಜು ಹೆದ್ದಾರಿಯ ರೆಸಾರ್ಟೊಂದರ ಬೋರ್ಡಿನಲ್ಲಿ ಇಂಥದೇ ಕಡೆದ ಹಣ್ಣಿಗೆ ಇಟ್ಟ ಸ್ಮೂದಿ ಎಂಬ ಹೆಸರನ್ನೂ ಅದರ ಬೆಲೆಯನ್ನೂ ಓದಿ ಬಂದಿದ್ದ. “ಅಣ್ಣೋ, ನೀನು ಟಿಕೆಟ್ಟಿನ ರೇಟಿಗೆ ರೆಸಾರ್ಟ್ ಊಟ ಹಾಕ್ತಿದ್ದೀಯ ಮಾರಾಯ. ಡಿಪೋದವ್ರಿಗೆ ಗೊತ್ತಾದ್ರೆ ಇದಕ್ಕೂ ಒಂದು ಚಾರ್ಜ್ ಹಾಕ್ತಾರೆ” ಎಂದ. ರುದ್ರಣ್ಣ ನಗಲಿಲ್ಲ. ಅವನ ಲೋಟಕ್ಕೆ ಇನ್ನೂ ಸ್ವಲ್ಪ ಸುರಿದರು.

ನಾನು ಸಕಲೇಶಪುರದ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸ ಮಾಡುತ್ತೇನೆ. ಹಣ್ಣು ಕಡೆಯಲು ಶುರುಮಾಡಿದ ಮೂರನೇ ತಿಂಗಳಲ್ಲಿ ರುದ್ರಣ್ಣ ಅಲ್ಲಿಗೆ ಬಂದು ತೋಳು ಚಾಚಿ ಕುಳಿತರು. ಬೋಂಡ ಬಿಟ್ಟಿದ್ದರು, ಕಾಫಿ ಬಿಟ್ಟಿದ್ದರು. ಮುಖದಲ್ಲಿ ಪಾಸಾಗುವ ನಂಬಿಕೆ ಇತ್ತು. ಫಲಿತಾಂಶ ಮೊದಲಿಗಿಂತ ಹೆಚ್ಚಾಗಿತ್ತು. ನಾನು ಎರಡನೇ ಸಲ ನೋಡಿದೆ, ಬದಲಾಗಲಿಲ್ಲ.

ಐದಾರು ಬಾಳೆಹಣ್ಣು, ಸಪೋಟ, ಜೇನು ಎಲ್ಲವನ್ನೂ ಕಡೆದು ಒಂದೇ ಗುಟುಕಿಗೆ ಕುಡಿದರೆ ಸಕ್ಕರೆ ಏರದೆ ಏನಾಗುತ್ತದೆ, ಹಣ್ಣು ಒಳ್ಳೆಯದೇ, ಆದರೆ ಅದಕ್ಕೂ ಅಳತೆ ಇದೆ ಎಂದು ವಿವರಿಸಿದೆ. ಅವರು ತೋಳಿನ ಹತ್ತಿಯನ್ನು ಒತ್ತಿಕೊಂಡೇ ಕೇಳಿಸಿಕೊಂಡರು. 

“ನಿಂಗವ್ವಂಗೆ ಏನಂತ ಹೇಳ್ಲಿ? ನಿನ್ ಹಣ್ಣು ನನಗೆ ಆಗಲ್ಲ ಅಂತ್ಲಾ? ಆ ಮುದುಕಿ ರಾತ್ರಿ ಎಲ್ಲಾ ನಿದ್ದೆ ಮಾಡಲ್ಲ ಕಣವ್ವ.”

ಡಾಕ್ಟರನ್ನು ಕಂಡು ಬಂದರು. ಮಾತ್ರೆ ಬದಲಾಯಿತು, ಊಟದ ಅಳತೆ ಗೊತ್ತಾಯಿತು. ಆದರೂ ಮರುದಿನ ಬೆಳಿಗ್ಗೆ ಎಂದಿನಂತೆ ಕ್ಯಾನು ಹಿಡಿದು ಕುಳಿತರು. ಎಲ್ಲರ ಹಣ್ಣನ್ನೂ ಹಾಕಿ ಕಡೆದರು, ಎಲ್ಲವನ್ನೂ ಕಾದವರಿಗೆ ಹಂಚಿಬಿಟ್ಟರು. ಅವರ ಲೋಟದಲ್ಲಿ ಇದ್ದದ್ದು ಎರಡು ಚಮಚ ಬಟರ್ ಫ್ರೂಟು, ನೀರು ಮಜ್ಜಿಗೆ, ಒಂದು ಚಿಟಿಕೆ ಉಪ್ಪು. ಬಣ್ಣ ನೋಡಿದರೆ ಯಾರಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ತಿಳಿದದ್ದು ಕಾಂತರಾಜುವಿಗೆ ಮತ್ತು ನನಗೆ. ಸಂಜೆ ಹಣ್ಣು ಕೊಟ್ಟವರು ಹೇಗಿತ್ತು ಎಂದು ಕೇಳಿದರೆ, ಲೈನಿನವರೆಲ್ಲ ಚಪ್ಪರಿಸಿಕೊಂಡು ಕುಡಿದರು ಎಂದು ರುದ್ರಣ್ಣ ಹೇಳುತ್ತಿದ್ದರು. ಅದು ಸುಳ್ಳಾಗಿರಲಿಲ್ಲ.

ಸಕ್ಕರೆ ನಿಧಾನವಾಗಿ ಇಳಿಯಿತು. ಡಿಪೋದ ಪರೀಕ್ಷೆಗೆ ಒಂದು ವಾರ ಮೊದಲು ಲ್ಯಾಬಿನಲ್ಲಿ ನೋಡಿದಾಗ ಡಾಕ್ಟರು ಹೇಳಿದ ಮಿತಿಯೊಳಗೇ ಇತ್ತು. ಆ ದಿನ ನನ್ನ ದಿನಚರಿಯಲ್ಲಿ “ರುದ್ರಣ್ಣ ಉಳಿದರು” ಎಂದು ಬರೆದಿದ್ದೇನೆ.

ಅದಾದ ಮೂರನೇ ಬೆಳಿಗ್ಗೆ ಬಸ್ಸು ನಿಂಗಮ್ಮನ ಸ್ಟಾಪಿನಲ್ಲಿ ನಿಲ್ಲದೆ ಮುಂದೆ ಹೋಯಿತು. ಅವರು ರಸ್ತೆಯ ಎಡಗಡೆ, ಕೈ ಎತ್ತಿಕೊಂಡು ನಿಂತಿದ್ದರು. ಬಸ್ಸೊಳಗಿದ್ದ ನಾವೆಲ್ಲ ಅವರನ್ನು ನೋಡಿದೆವು. ಕಾಂತರಾಜು ಸೀಟಿ ಊದಿದಾಗ ಬಸ್ಸು ತಿರುವಿನಾಚೆ ನಿಂತಿತು, ಆದರೆ ಅಷ್ಟರಲ್ಲಿ ಅವರು ಬೇಸರದಿಂದ ಮನೆಯ ದಾರಿ ಹಿಡಿದಿದ್ದರು. ಹಿಂದಿನ ಸೀಟಿನಲ್ಲಿ ಒಬ್ಬರು, ಡ್ರೈವರಿಗೂ ಈಗ ದೊಡ್ಡಸ್ತಿಕೆ ಬಂತು ಎಂದರು. ರುದ್ರಣ್ಣ ತಿರುಗಿ ನೋಡಲಿಲ್ಲ. ಉಳಿದ ದಾರಿಯನ್ನು ಎತ್ತಿನ ಗಾಡಿಯ ವೇಗದಲ್ಲಿ ಓಡಿಸಿದರು.

ಸಕಲೇಶಪುರದಲ್ಲಿ ಎಲ್ಲರೂ ಇಳಿದ ಮೇಲೆ ನನ್ನನ್ನು ತಡೆದು ಕೇಳಿದರು. “ಇವತ್ತು ದಾರೀಲಿ ಮಂಜು ಇತ್ತೇನವ್ವ?”

ಇರಲಿಲ್ಲ ಎಂದೆ.

“ಹಂಗಾರೆ ನನ್ ಕಣ್ಣಲ್ಲೇ ಐತೆ” ಎಂದರು.

ಅಂದೇ ರಜೆ ಹಾಕಿ ಹಾಸನಕ್ಕೆ ಹೋದರು. ಎಡಗಣ್ಣಿನ ಹಿಂದಿನ ಪರದೆಯಲ್ಲಿ ರಕ್ತ ಸೋರಿತ್ತು. ಕಾಂತರಾಜು ಅವರಿಗೆ ಬಹಳ ಹೇಳಿದ. ಸಕ್ಕರೆ ಇಳಿದಿದೆ, ಡಿಪೋದವರು ಗೋಡೆಯ ಮೇಲಿನ ಅಕ್ಷರ ಓದಿಸುತ್ತಾರೆ ಅಷ್ಟೆ, ಬಲಗಣ್ಣು ಚೆನ್ನಾಗಿದೆ, ಹೇಗೋ ದಾಟಿಸಬಹುದು ಎಂದ. ರುದ್ರಣ್ಣ ಒಂದೇ ಮಾತಿನಲ್ಲಿ ಮುಗಿಸಿದರಂತೆ. “ಇವತ್ತು ನಿಂಗವ್ವ ರಸ್ತೆ ಪಕ್ಕ ನಿಂತಿದ್ಲು ಕಣೋ ಕಾಂತ. ನಾಳೆ ಯಾರಾದ್ರೂ ರಸ್ತೆ ಮಧ್ಯ ನಿಂತಿರ್ತಾರೆ.” ಪರೀಕ್ಷೆಗೆ ಕಾಯದೆ, ಮರುದಿನವೇ ಕಣ್ಣಿನ ಚೀಟಿಯನ್ನು ತಾವೇ ಡಿಪೋಗೆ ಕೊಟ್ಟು ಸ್ಟೇರಿಂಗ್ ಬಿಟ್ಟರು.

ಅವರನ್ನು ಕೊನೆಯದಾಗಿ ನೋಡಿದ್ದು ಅದರ ಮುಂದಿನ ವಾರ, ಸಂಜೆಯ ಬಸ್ಸಿನಲ್ಲಿ. ಕೋಣೆಯಲ್ಲಿದ್ದ ಬಟ್ಟೆಬರೆ ಒಯ್ಯಲು ಬರುತ್ತಿದ್ದರು. ಬಿಳಿ ಅಂಗಿ ತೊಟ್ಟು ಕಿಟಕಿಯ ಪಕ್ಕ ಪ್ರಯಾಣಿಕನ ಹಾಗೆ ಕುಳಿತಿದ್ದರು, ಟಿಕೆಟ್ ತೆಗೆದುಕೊಂಡಿದ್ದರು. ನಿಂಗಮ್ಮ ಹತ್ತಿದಾಗ ಎದ್ದು ಜಾಗ ಬಿಟ್ಟುಕೊಟ್ಟರು.

“ಅವ್ವ, ಅವತ್ತು ನಿನ್ನ ಬುಟ್ಟು ಹೋಗ್ಬುಟ್ಟೆ.”

“ಹೋಗ್ಲಿ ಬುಡಪ್ಪ. ಮಗ ಅವ್ವನ್ನ ಒಂದಿನ ಮರ್ತ್ರೆ ಏನಾಯ್ತದೆ” ಎಂದರು ನಿಂಗಮ್ಮ. ಅವರಿಗೆ ಕಣ್ಣಿನ ವಿಷಯ ಗೊತ್ತಿರಲಿಲ್ಲ. ರುದ್ರಣ್ಣ ಹೇಳಲೂ ಇಲ್ಲ. ಮರೆತೆ ಎಂಬ ಆರೋಪವನ್ನೇ ಒಪ್ಪಿಕೊಂಡರು. ಇಳಿಯುವಾಗ ನನಗೆ ಮೆಲ್ಲಗೆ ಹೇಳಿದರು. “ಹಣ್ಣಿಂದ ಹಿಂಗಾಯ್ತು ಅಂತ ಯಾರೂ ಅಂದ್ಕೋಬಾರ್ದು. ನೋಡ್ಕೊ.”

ನೋಡಿಕೊಳ್ಳಲು ನನ್ನಿಂದ ಆಗಲಿಲ್ಲ. ಸುದ್ದಿ ಹೇಗೋ ಹೊರಬಿತ್ತು. ನಾವು ಕೊಟ್ಟ ಹಣ್ಣು ಅವರ ಕಣ್ಣು ತಿಂದಿತು ಎಂದು ಬಸ್ಸಿನಲ್ಲಿ ಮಾತಾಯಿತು. ನಿಂಗಮ್ಮ ಪಪ್ಪಾಯಿ ಮರವನ್ನು ಕಡಿಸಿದರು. ಹಾಸನದ ಕಣ್ಣಿನ ಡಾಕ್ಟರನ್ನು ನಾನೇ ಹೋಗಿ ಕೇಳಿ ಬಂದೆ. ಕೆಲವು ತಿಂಗಳ ಹಣ್ಣಿನಿಂದ ಆಗುವ ಹಾನಿ ಇದಲ್ಲ, ಗೊತ್ತಾಗದೆ ಉಳಿದ ಸಕ್ಕರೆ ವರ್ಷಗಟ್ಟಲೆ ಒಳಗೊಳಗೆ ಮಾಡಿದ ಕೆಲಸ ಇದು ಎಂದರು. ಅದನ್ನು ನಿಂಗಮ್ಮನಿಗೆ ಎರಡು ಸಲ ಹೇಳಿದ್ದೇನೆ. ಅವರು ತಲೆ ಆಡಿಸುತ್ತಾರೆ, ನಂಬುವುದಿಲ್ಲ. ಅವನೇ ಬಂದು ಹೇಳಲಿ ಎನ್ನುತ್ತಾರೆ.

ರುದ್ರಣ್ಣ ಡಿಪೋದ ಕೆಲಸವನ್ನೂ ಬಿಟ್ಟು ಸ್ವಯಂ ನಿವೃತ್ತಿ ಪಡೆದರು. ಕುಂದೂರಿನ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಅರಕಲಗೂಡಿನ ಕಡೆ ತಂಗಿಯ ಊರಿಗೆ ಹೋದರು ಎಂದು ಒಬ್ಬರು, ಚಿಕ್ಕಮಗಳೂರಿನ ಕಡೆ ಎಂದು ಇನ್ನೊಬ್ಬರು ಹೇಳಿದರು. ಫೋನು ಸ್ವಿಚ್ ಆಫ್ ಆಗಿದೆ.

ಐವತ್ತೈದರ ಆಸುಪಾಸಿನ ವಯಸ್ಸು, ಮಾತು ಕಡಿಮೆ, ಎಡಗಡೆಯಿಂದ ಬಂದವರನ್ನು ನೋಡಲು ಪೂರ್ತಿ ಕತ್ತು ತಿರುಗಿಸುತ್ತಾರೆ. ನಿಮ್ಮ ಊರಿನಲ್ಲಿ ಇಂಥವರು ಇದ್ದರೆ, ಅಥವಾ ಇದ್ದಾರೆಂದು ಕೇಳಿದ್ದರೆ, ಈ ಪತ್ರಿಕೆಗೆ ದಯವಿಟ್ಟು ನಾಲ್ಕು ಸಾಲು ಬರೆದು ತಿಳಿಸಿ. ನಿಂಗಮ್ಮನನ್ನು ಅಲ್ಲಿಗೆ ಕರೆದುಕೊಂಡು ಬರುವುದು ನನ್ನ ಜವಾಬ್ದಾರಿ.