ಬುಡಕ್ಕೆ ಕಲ್ಲಿಲ್ಲದ ಕೋಲು

ನಾವು ಬೇಟೆಗೆ ಹೋಗುವ ಸೀಮೆಗೆ ಕ್ವೆಬೆಕ್ ಸರ್ಕಾರ ಅಲ್ಲಿನ ಸರೋವರದ ಹೆಸರನ್ನೇ ಇಟ್ಟಿದೆ: ಲಾಕ್-ಗೊರೆಲ್. ಜನಸಂಖ್ಯೆ ಸೊನ್ನೆ. ಗಣತಿಯವರು ಬಂದಾಗಲೆಲ್ಲ ನಮ್ಮ ಪಿನಾಮೆನ್ ಅತ್ತೆಯದು ಒಂದೇ ತಕರಾರು: "ಆ ಸೊನ್ನೆ ಹೊಡೆದುಹಾಕು. ಒಂದು ಅಂತ ಬರಿ." ಮುದುಕಿಗೆ ಇದೆಂಥ ಹಟ ಎಂದು ನಾನೂ ನಕ್ಕವನೇ.

ತೊಗಲು ಹದ ಮಾಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಗುಡಾರಕ್ಕೆ ಬಂದ ಕರಡಿಯನ್ನು ಬೈದೇ ಓಡಿಸಿದವಳು. ಆದರೆ ಹೆಪ್ಪುಗಟ್ಟಿದ ಆ ಸರೋವರದ ಮೇಲೆ ಕಾಲಿಡಲು ಮಾತ್ರ ಹೆದರುತ್ತಿದ್ದಳು.

ಒಂದು ಮೇ ತಿಂಗಳಲ್ಲಿ ಅವಳ ಮಗ ಎತುವಾತ್ ಮುಂದಾಗಿ ಹೋಗಿದ್ದ. ನಾನೂ ಅತ್ತೆಯೂ ಜಾರುಬಂಡಿ ಎಳೆದುಕೊಂಡು ಹಿಂದೆ ಹೊರಟೆವು. ನಮ್ಮಲ್ಲಿ ಮುಂದೆ ಹೋದವರು ದಡದ ಹಿಮದಲ್ಲಿ ಒಂದು ಕೋಲು ನೆಟ್ಟು ಹೋಗುತ್ತಾರೆ. ನೀರಿನ ಕಡೆ ವಾಲಿದ್ದರೆ ದಾಟಿ ಬನ್ನಿ, ನೆಟ್ಟಗಿದ್ದರೆ ಮಂಜುಗಡ್ಡೆ ನಂಬಬೇಡಿ, ದಡ ಸುತ್ತಿ ಬನ್ನಿ ಅಂತ ಅರ್ಥ. ಎತುವಾತನ ಕೋಲು ವಾಲಿತ್ತು.

"ನೋಡತ್ತೆ, ದಾಟು ಅಂತಿದಾನೆ. ಮಧ್ಯಾಹ್ನದೊಳಗೆ ಆ ದಡ ಸೇರ್ತೀವಿ."

"ಅವನು ಅಂತಿದಾನೋ, ಕರಗಿದ ಹಿಮ ಅಂತಿದೆಯೋ?"

"ಸುತ್ತಿದ್ರೆ ಎರಡು ದಿನ. ಇರೋದು ಒಂದು ರೊಟ್ಟಿಗಾಗೋ ಹಿಟ್ಟು. ನೀನೊಬ್ಬಳು ಹೆದರುಪುಕ್ಕಲಿ!"

"ಹೌದು ಕಣೋ, ಹೆದರುಪುಕ್ಕಲೀನೇ." ಅತ್ತೆ ಬಂಡಿಯ ಮೇಲೆ ಕುಸಿದು ಕೂತಳು. "ಆಗ ನಂಗೆ ಹನ್ನೊಂದು ವರ್ಷ. ಅಪ್ಪ ಹಿಂದೆ ಬರ್ತಿದ್ದ. ಇದೇ ದಡದಲ್ಲಿ ಕೋಲು ನೆಡು ಅಂದ್ಲು ಅವ್ವ. ನೆಟ್ಟಗೇ ನೆಟ್ಟೆ. ಕೈ ಮರಗಟ್ಟಿತ್ತು, ಬುಡಕ್ಕೆ ಕಲ್ಲಿಡೋಕೆ ಬೇಜಾರಾಯ್ತು. ಬಿಸಿಲಿಗೆ ಅದು ವಾಲಿತು. ಅಪ್ಪ ಅದನ್ನ ನಂಬಿದ. ಅವನ ಟೋಪಿ ಒಂದೇ ಸಿಕ್ಕಿದ್ದು."

ನಾನು ಬಗ್ಗಿ ಕೋಲಿನ ಬುಡ ಕೆದಕಿದೆ. ಕಲ್ಲಿರಲಿಲ್ಲ. ಅದೇ ಹೊತ್ತಿಗೆ ಸರೋವರದ ನಡುವಿನಿಂದ ಮಂಜುಗಡ್ಡೆ ಉದ್ದಕ್ಕೆ ನರಳಿದ ಸದ್ದು ಬಂತು. ಎತುವಾತನೇ ದಾಟಲು ಹೋಗಿದ್ದರೆ?

ದಡ ಸುತ್ತಿದೆವು. ಅತ್ತೆ ಎರಡು ದಿನ ಒಂದು ತುತ್ತೂ ಬಾಯಿಗಿಡಲಿಲ್ಲ. ಮಂಜುಗಡ್ಡೆಯ ಮೇಲೆ ಎಲ್ಲಿ ಕಪ್ಪು ಕಂಡರೂ ನಿಂತು, "ನೋಡೋ, ಬಟ್ಟೇನಾ ಅದು?" ಎನ್ನುವಳು. ನೀರು ಎಂದು ನಾನು ಹೇಳುತ್ತಿದ್ದೆ. ನನಗೂ ಖಾತ್ರಿ ಇರಲಿಲ್ಲ.

ಎರಡನೆಯ ದಿನ ಇಳಿಹೊತ್ತಿಗೆ ಆಚೆ ದಡದಲ್ಲಿ ಹೊಗೆ ಕಂಡಿತು. ಎತುವಾತ್ ಚಹಾ ಕಾಸುತ್ತಾ ಕೂತಿದ್ದ.

"ಬಂದ್ರಾ? ಹೊಟ್ಟೆಗೇನಾದ್ರೂ ಇದೆಯೇನವ್ವಾ?"

"ಕೋಲು ಹೆಂಗೆ ನೆಟ್ಟಿದ್ದೆ?"

"ನೆಟ್ಟಗೆ. ಸುತ್ತಿ ಬನ್ನಿ ಅಂತ. ಯಾಕೆ?"

"ಬುಡಕ್ಕೆ ಕಲ್ಲು?"

ಇಟ್ಟಿಲ್ಲವೆಂದು ಅವನು ತಲೆಯಾಡಿಸಿದ. ಅತ್ತೆ ಅವನ ಕೆನ್ನೆಗೊಂದು ಬಾರಿಸಿದಳು. ಆಮೇಲೆ ಅದೇ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದು ಗೋಳೋ ಎಂದು ಅತ್ತಳು.

ಅವಳು ತೀರಿಕೊಂಡ ಮೇಲೆ ಬಂದ ಗಣತಿಯಲ್ಲಿ ಒಬ್ಬ ಹುಡುಗಿ ನನ್ನನ್ನು ಕೇಳಿದಳು: "ಲಾಕ್-ಗೊರೆಲ್‌ನಲ್ಲಿ ಯಾರೂ ಇಲ್ಲ ತಾನೆ?"

"ಒಂದು ಅಂತ ಬರ್ಕೊಳ್ಳಮ್ಮ," ಎಂದೆ. "ನಮ್ಮತ್ತೆಯ ಅಪ್ಪ ಇನ್ನೂ ಅಲ್ಲೇ ಇದಾನೆ."