ಪದ ಎಲ್ಲಿ ನಿಂತದ?

ಶ್ರಾವಣದ ಮೊದಲ ಸೋಮವಾರ, ಸುರಪುರದ ಒಂದು ಓಣಿಯಲ್ಲಿ, ಹಾಡಿನ ನಡುವೆಯೇ ನಾನು ಬೇಸ್ ಗಿಟಾರಿನ ವೈರು ಕಿತ್ತೆ. ಹಾಡು ಮುಗಿಯಿತು ಎಂದುಕೊಂಡಿದ್ದೆ. ಸ್ಪೀಕರ್ ಢಬ್ ಎಂದಿತು. ಮುಂದೆ ಕೂತಿದ್ದವರು ನಕ್ಕರು.

"ಯಾಕ ಕಿತ್ತೀರಿ?" ಎಂದರು ಶರಣಮ್ಮ. ತತ್ವಪದದ ತಂಡ ಅವರದು, ಹಾಡುವವರೂ ಅವರೇ.

"ನೀವೇ ನಿಲ್ಲಿಸಿದ್ರಲ್ಲ, ಅಮ್ಮ."

"ನಾ ಮಾತಿಗಿ ನಿಂತೀನಿ. ಪದ ಎಲ್ಲಿ ನಿಂತದ?"

ಹಾರ್ಮೋನಿಯಂಗೆ ಇಲ್ಲಿ ಪೇಟಿ ಎನ್ನುತ್ತಾರೆ. ಪೇಟಿಯ ಖಾಜಾಸಾಬರು ಸೇರಿಸಿದರು: "ಮೈಸೂರಾಗ ಪದಕ್ಕ ಗೇಟ್ ಇರ್ತದೇನೊ, ಕೆನಾಲಿಗಿ ಇದ್ದಂಗ."

ಮೈಸೂರಿನ ಆರ್ಕೆಸ್ಟ್ರಾಗಳಲ್ಲಿ ನಾನು ಹನ್ನೊಂದು ವರ್ಷ ಬೇಸ್ ನುಡಿಸಿದ್ದೆ. ನರ್ಸ್ ಆಗಿರುವ ಹೆಂಡತಿಗೆ ಶಹಾಪುರಕ್ಕೆ ವರ್ಗವಾಯಿತು, ಇಬ್ಬರೂ ಬಂದೆವು. ಬಾಡಿಗೆ ಮನೆ ಸಿಕ್ಕಿದ್ದು ನಾಲೆಯ ಹತ್ತಿರ. ಕಿಟಕಿಯಾಚೆ ಭತ್ತದ ಗದ್ದೆ ಕಂಡು ಮಂಡ್ಯದ ಕಡೆಯೇ ಇದ್ದೇನೆ ಅನಿಸಿತು. ಮನೆಯ ಮಾಲೀಕರು ಕಳಿಸಿದ ತಟ್ಟೆಯಲ್ಲಿ ಮಾತ್ರ ಕಡಕ್ ಜೋಳದ ರೊಟ್ಟಿ, ಹುಳಿ ಸೊಪ್ಪಿನ ಪುಂಡಿಪಲ್ಯ. ರೊಟ್ಟಿಯನ್ನು ಹಪ್ಪಳವೆಂದು ತಿಳಿದು ಅನ್ನಕ್ಕಾಗಿ ಕಾದೆ. ಅನ್ನ ಬರಲಿಲ್ಲ.

"ಏನ್ ಮಾಡ್ತೀರಿ?" ಎಂದು ಅವರು ಕೇಳಿದ್ದರು.

"ಬೇಸ್ ನುಡಿಸ್ತೀನಿ."

"ಅದು ಖರೆ. ಕೆಲಸ ಏನ್ರಿ?"

ಆದರೂ ಶರಣಮ್ಮನವರ ಬಳಿಗೆ ಕರೆದೊಯ್ದವರು ಅವರೇ. "ಮೂರು ಕಾರ್ಯಕ್ರಮ ನೋಡೋಣ್ರಿ. ಕೂಡಿದ್ರ ಕೂಡ್ತದ," ಎಂದರು ಶರಣಮ್ಮ. ಕಾರ್ಯಕ್ರಮದ ಕೊನೆಯಲ್ಲಿ ಅವರು ಮೈಕಿನಲ್ಲಿ ಪ್ರತಿಯೊಬ್ಬರ ವಾದ್ಯ, ಹೆಸರು, ಊರು ಹೇಳುತ್ತಾರೆ. "ಆಕಿ ಹೆಸರು ಹೇಳಿದ್ರ ತಂಡದಾಂವ ಅಂತ ತಿಳೀರಿ," ಎಂದರು ಖಾಜಾಸಾಬರು. ಸುರಪುರದಲ್ಲಿ ನನ್ನ ಹೆಸರು ಬರಲಿಲ್ಲ.

ಮೈಸೂರಿನಲ್ಲಿ ಹಾಡು ಬರೆದಿಟ್ಟ ಕಡೆ ಮುಗಿಯುತ್ತದೆ. ಶರಣಮ್ಮ ಎರಡು ಸಾಲು ಹಾಡಿ ನಿಲ್ಲುತ್ತಾರೆ, ಅರ್ಥ ಬಿಡಿಸಿ ಹೇಳುತ್ತಾರೆ, "ತಿಳೀತೇನ್ರಿ?" ಎಂದು ಕೇಳುತ್ತಾರೆ. ಕೂತವರು ಎದುರು ಪ್ರಶ್ನೆ ಹಾಕುವುದೂ ಉಂಟು. ಮಾತು ಕೇಳಿಸಲೆಂದು ಪೇಟಿ, ತಮಟೆಯಂಥ ದಮ್ಮಡಿ ಸುಮ್ಮನಾಗುತ್ತವೆ. ಮತ್ತೆ ಹಾಡು ಯಾವಾಗ ಏಳುತ್ತದೆ ಎಂಬುದಕ್ಕೆ ಲೆಕ್ಕವಿಲ್ಲ. ಎರಡನೆಯ ಕಾರ್ಯಕ್ರಮ, ಬೋನಾಳದಲ್ಲಿ, ನಾನು ಮನಸ್ಸಿನಲ್ಲೇ ತಾಳ ಎಣಿಸುತ್ತ ಕಾದೆ. ಅವರ ಮಾತಿನ ಮಧ್ಯೆ ನುಡಿಸಿಬಿಟ್ಟೆ. ಅಲ್ಲೂ ಹೆಸರು ಬರಲಿಲ್ಲ.

"ಮಾತಿನ ಮಧ್ಯೆ ನಾನು ಏನು ಮಾಡ್ಬೇಕು?" ಎಂದು ಮರಳಿ ಬರುವಾಗ ಖಾಜಾಸಾಬರನ್ನು ಕೇಳಿದೆ.

"ಪೇಟಿ ಬಾರಿಸಿದ್ರ ಮಾತು ಕೇಳಂಗಿಲ್ಲ. ನಿಂದೇನು, ಕಿವಿಗಿ ಬರೂದಿಲ್ಲ, ಎದಿಗಿ ಬರ್ತದ. ನೀನೇ ನೋಡ್ಕೊ."

ಇದು ಬೈಗುಳವೋ ಸಲಹೆಯೋ ತಿಳಿಯಲಿಲ್ಲ.

ನಡುವೆ ಒಂದು ವಾರ ಮೈಸೂರಿಗೆ ಹೋಗಿದ್ದೆ. ಹಳೆಯ ತಂಡದಲ್ಲಿ ನನ್ನ ಜಾಗಕ್ಕೆ ಬಂದವನಿಗೆ ಗೆಳೆಯರು ನನ್ನನ್ನು ಪರಿಚಯಿಸಿದರು: "ಇವ್ರು ಶಹಾಪುರದವ್ರು." ನಾನು ತಿದ್ದಲಿಲ್ಲ. ಶಹಾಪುರದಲ್ಲಿ ಈಗಲೂ ನಾನು ಕೆನಾಲಿಗೆ ನಾಲೆ ಎನ್ನುತ್ತೇನೆ.

ಮೂರನೆಯ ಕಾರ್ಯಕ್ರಮ ಕೊಂಕಲ್‌ನಲ್ಲಿ. ಶರಣಮ್ಮ ಮಾತಿಗೆ ನಿಂತರು. ನಾನು ಎಣಿಸುವುದನ್ನು ಬಿಟ್ಟು, ಅವರ ಶ್ರುತಿಗೆ ಹೊಂದುವ ಒಂದೇ ಸ್ವರವನ್ನು ದಪ್ಪ ತಂತಿಯ ಮೇಲೆ ಮೆಲ್ಲಗೆ ಹಿಡಿದೆ. ಬಹಳ ಹೊತ್ತು ಮಾತಾಡಿ ಅವರು ಮತ್ತೆ ಹಾಡಿದರು. ಶ್ರುತಿ ಬಿಟ್ಟ ಕಡೆಯೇ ಇತ್ತು. ಅದು ನನ್ನಿಂದಲೋ, ಎಂದಿನಂತೆ ಅವರ ಗಂಟಲಿನಿಂದಲೋ, ಹೇಳಲಾರೆ.

ಕೊನೆಗೆ ಹೆಸರುಗಳು ಬಂದವು.

"ಪೇಟಿ, ಖಾಜಾಸಾಬ, ಸುರಪುರ. ದಪ್ಪ ತಂತಿ, ರಘಣ್ಣ..."

ಅಲ್ಲಿಗೆ ನಿಂತರು. ಮೈಕಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ಬಾಗಿದರು.

"ಯಾವೂರು ಹೇಳ್ಲಿರಿ?"

ಮೈಸೂರೋ ಶಹಾಪುರವೋ ತೋಚದೆ, ದಪ್ಪ ತಂತಿಯ ಮೇಲೆ ಮತ್ತೆ ಅದೇ ಸ್ವರ ಹಿಡಿದೆ. ಶರಣಮ್ಮ ಮೈಕಿನಿಂದ ಕೈ ತೆಗೆದರು.

"ದಮ್ಮಡಿ, ಭೀಮರಾಯ, ಬೋನಾಳ."