ಎಲ್ಫ್ ಯಾವ ಪಟ್ಟಿಗೆ ಸೇರುತ್ತದೆ?

ಮೊನ್ನೆ ಶನಿವಾರ ಮಧ್ಯಾಹ್ನ ಅಮೆರಿಕದ ಕ್ಯಾಂಟನ್ ಊರಿನ ಒಂದು ಮನೆಯ ಕಾರ್ಪೆಟ್ಟಿನ ಮೇಲೆ ಕೂತು, ಎಡಗೈಯಲ್ಲಿ ಒಬ್ಬ ದೈತ್ಯ, ಬಲಗೈಯಲ್ಲಿ ಒಂದು ಟ್ರೋಲ್ ಹಿಡಿದುಕೊಂಡು, ಇವೆರಡೂ ಒಂದೇನಾ ಬೇರೆಬೇರೆಯಾ ಎಂದು ಹದಿಮೂರು ವರ್ಷದ ಹುಡುಗಿಯ ಜೊತೆ ಜಗಳವಾಡುತ್ತಿದ್ದೆ.

(ಗಾಬರಿ ಬೇಡ. ಎರಡೂ ಇಂಡೆಕ್ಸ್ ಕಾರ್ಡುಗಳು.)

ಹುಡುಗಿಯ ಹೆಸರು ಮೇಘನಾ. ವಿಕ್ಸಮ್‌ನ ಆಫೀಸಿನಲ್ಲಿ ನನ್ನ ಪಕ್ಕದ ಕ್ಯೂಬಿಕಲ್‌ನಲ್ಲಿ ಕೂರುವ ರವಿಯವರ ಮಗಳು. ನಾರ್ವೆ, ಐಸ್‌ಲ್ಯಾಂಡ್, ಜರ್ಮನಿ ಕಡೆಯ ಹಳೆಯ ಕಥೆಗಳಲ್ಲಿ ಬರುವ ಅತಿಮಾನುಷ ಜೀವಿಗಳನ್ನು ವಿಂಗಡಿಸಿ ಒಂದು ಬೋರ್ಡಿನ ಮೇಲೆ ಅಂಟಿಸಿ ಸೋಮವಾರ ಸ್ಕೂಲಿಗೆ ಒಯ್ಯಬೇಕು. "ನೀವು ಡಿಬೇಟ್‌ನಲ್ಲಿ ಕಪ್ ಗೆದ್ದೋರು. ಅವಳಿಗೆ ಸ್ವಲ್ಪ ಲಾಜಿಕ್ ಹೇಳ್ಕೊಡಿ" ಎಂದು ರವಿ ಕರೆದಿದ್ದರು. ಇಂಥ ಕರೆಗೆ ನಾನು ಇಲ್ಲ ಎಂದದ್ದಿಲ್ಲ.

ದೆವ್ವ, ಭೂತ ಯಾವುದನ್ನೂ ನಾನು ನಂಬುವುದಿಲ್ಲ. ಆದರೆ ಇಲ್ಲದ್ದನ್ನು ವಿಂಗಡಿಸಬಾರದು ಎಂದೇನಿದೆ? ಮೊದಲು ವ್ಯಾಖ್ಯಾನ, ಆಮೇಲೆ ವಾದ. ಹಾಗಾಗಿ ಒಂದು ಕಾನೂನು ಮಾಡಿದೆ. ಒಂದು ಕಾರ್ಡಿಗೆ ಒಂದೇ ಪಟ್ಟಿ. ಬೋರ್ಡಿನ ಮೇಲೆ ಐದು ಪಟ್ಟಿ ಎಳೆದೆವು: ದೇವರುಗಳು, ದೈತ್ಯರು, ಎಲ್ಫ್ (ನಮ್ಮ ಯಕ್ಷರಂಥವರು) ಮತ್ತು ಕುಬ್ಜರು, ಮನೆ ಕಾಯುವವರು, ಸತ್ತವರು.

ಮೊದಲ ಅರ್ಧ ಗಂಟೆ ಸಲೀಸು. ಮನೆ ಕಾಯುವವನ ಕಾರ್ಡು ಬಂದಾಗ ಇಬ್ಬರೂ ನಕ್ಕೆವು. ಕೊಟ್ಟಿಗೆಯಲ್ಲಿರುವ ಪುಟ್ಟ ಮುದುಕ, ತಲೆಗೆ ಕೆಂಪು ಟೋಪಿ. ಕ್ರಿಸ್‌ಮಸ್ ಹಿಂದಿನ ದಿನ ಅವನಿಗೊಂದು ಬಟ್ಟಲು ಗಂಜಿ, ಅದರ ಮೇಲೆ ಬೆಣ್ಣೆ ಇಡಬೇಕು. ಒಂದು ಸಲ ಬೆಣ್ಣೆ ಕಾಣಲಿಲ್ಲವೆಂದು ಸಿಟ್ಟಿಗೆದ್ದು ಮನೆಯ ಹಸುವನ್ನೇ ಕೊಂದುಬಿಟ್ಟ. ವಾಪಸ್ ಬಂದು ಗಂಜಿ ಉಂಡರೆ, ಬೆಣ್ಣೆ ತಳದಲ್ಲಿತ್ತು. ಪಶ್ಚಾತ್ತಾಪವಾಗಿ ಪಕ್ಕದ ಮನೆಯ ಹಸುವನ್ನು ಕದ್ದು ತಂದು ಕಟ್ಟಿದ. (ನ್ಯಾಯವಂತನೇ. ಪಕ್ಕದ ಮನೆಯವರನ್ನು ಕೇಳಬೇಡಿ.)

ಆಮೇಲೆ ಕಷ್ಟ ಶುರುವಾಯಿತು. ಟ್ರೋಲ್ ಎಂದರೆ ದೈತ್ಯನೂ ಹೌದು, ಮಾಟಗಾತಿಯೂ ಹೌದು, ಕಂಡರಾಗದವರು ಯಾರಾದರೂ ಹೌದು. ಐಸ್‌ಲ್ಯಾಂಡಿನ ಹಳೆಯ ಪಂಡಿತರೊಬ್ಬರು ಎಲ್ಫ್‌ಗಳನ್ನು ಬೆಳಕಿನವು, ಕತ್ತಲಿನವು ಎಂದು ಎರಡು ಮಾಡಿದರಂತೆ. ಸರಿ, ಕತ್ತಲಿನವು ಇರುವ ಕಡೆ ಹೋಗಿ ನೋಡಿದರೆ ಅಲ್ಲಿರುವವರು ಕುಬ್ಜರು. ಹಾಗಾದರೆ ಎರಡೂ ಒಂದೇನಾ? ಪಂಡಿತರು ಅದನ್ನು ಹೇಳಲಿಲ್ಲ. ನಾನು ಹೇಳಿದೆ. ನನ್ನ ಕಾನೂನು ನಡೆಯಬೇಕಲ್ಲ.

ಕೊನೆಗೆ ಒಂದು ಕಾರ್ಡು ಉಳಿಯಿತು. ಒಬ್ಬ ರಾಜ ಸತ್ತ. ಮಣ್ಣಿನ ದಿಬ್ಬದೊಳಗೆ ಹೂಳಿದರು. ಆಮೇಲೆ ಊರಿನವರು ಅವನನ್ನು ಆ ಜಾಗದ ಎಲ್ಫ್ ಎಂದು ಕರೆದು, ದಿಬ್ಬಕ್ಕೆ ಹೋಗಿ ನೈವೇದ್ಯ ಕೊಡತೊಡಗಿದರು.

"ಸತ್ತವನಾ, ಎಲ್ಫಾ? ಒಂದನ್ನ ಆರಿಸು" ಅಂದೆ.

"ವೈ ನಾಟ್ ಬೋತ್?"

"ಎರಡೂ ಅಂದ್ರೆ ಪಟ್ಟಿ ಯಾಕೆ ಬೇಕು? ಬೋರ್ಡನ್ನ ಕಸಕ್ಕೆ ಹಾಕು."

ಮೇಘನಾ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದಳು. ಆಮೇಲೆ ಇಂಗ್ಲಿಷಿನಲ್ಲೇ, ಬಹಳ ತಣ್ಣಗೆ ಹೇಳಿದಳು. ಇವನು ಸತ್ತವನಾಗಿರಲು ಸಾಧ್ಯವಿಲ್ಲ, ಯಾಕೆಂದರೆ ಇವನಿಗೆ ಊಟ ಕೊಡುತ್ತಿದ್ದರು. ಸತ್ತವರಿಗೆ ಊಟ ಕೊಡುವುದರಲ್ಲಿ ಅರ್ಥವಿಲ್ಲ. "ಯು ಸೆಡ್ ದಟ್, ಆಂಟಿ. ಲಾಸ್ಟ್ ಇಯರ್. ಯು ಹ್ಯಾಡ್ ತ್ರೀ ಪಾಯಿಂಟ್ಸ್."

(ಇಪ್ಪತ್ತೇಳಕ್ಕೇ ನನ್ನನ್ನು ಆಂಟಿ ಎನ್ನುತ್ತಾಳೆ. ಅದು ಬೇರೆ ವಾದ.)

ಅಡುಗೆಮನೆಯಲ್ಲಿ ತಿರುಗುತ್ತಿದ್ದ ಮಿಕ್ಸಿ ನಿಂತಿತು.

ಇಲ್ಲಿ ಸ್ವಲ್ಪ ಹಿನ್ನೆಲೆ ಹೇಳಬೇಕು. ಮೇಘನಾಳನ್ನು ಹೆತ್ತ ತಾಯಿ ಸುಧಾ, ಮಗಳಿಗೆ ನಾಲ್ಕು ತುಂಬುವಾಗ ಚಿತ್ರದುರ್ಗದಲ್ಲಿ ತೀರಿಕೊಂಡರು. ಮೂರು ವರ್ಷದ ನಂತರ ರವಿ ಶೈಲಜಾರನ್ನು ಮದುವೆಯಾದರು. ಆಗಿನಿಂದ ಪ್ರತಿ ಪಿತೃಪಕ್ಷದಲ್ಲಿ ಶೈಲಜಾ ಸುಧಾರ ಫೋಟೋದ ಮುಂದೆ ಹೊಸ ಸೀರೆ ಇಟ್ಟು, ಎಲೆ ಹಾಕಿ ಎಡೆ ಇಡುತ್ತಾರೆ. ಅಮಾವಾಸ್ಯೆ ಯಾವ ವಾರವೇ ಬರಲಿ, ಹಬ್ಬ ಮಾತ್ರ ಭಾನುವಾರ. (ಅಮೆರಿಕಕ್ಕೆ ಬಂದ ಹಿರಿಯರೂ ವೀಕೆಂಡಿಗೆ ಕಾಯಬೇಕು.) ಹೋದ ವರ್ಷ ಹಬ್ಬದ ಹಿಂದಿನ ದಿನ ಇದೇ ಮನೆಯಲ್ಲಿ ಊಟಕ್ಕೆ ಕೂತಾಗ, ಯಾರೂ ಕೇಳದಿದ್ದರೂ, ಸತ್ತವರು ಉಣ್ಣುವುದಿಲ್ಲ ಎಂದು ನಾನು ಸಾಧಿಸಿ ತೋರಿಸಿದ್ದೆ. ಯಾರೂ ಎದುರಾಡಲಿಲ್ಲ. ಗೆದ್ದೆ ಅಂದುಕೊಂಡು ಮೊಸರನ್ನ ಉಂಡು ಮನೆಗೆ ಹೋಗಿದ್ದೆ.

ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಶೈಲಜಾ ಮಾರನೇ ದಿನದ ಹಬ್ಬದ ಹೋಳಿಗೆಗೆ ರುಬ್ಬಿದ ಹೂರಣವನ್ನು ಜಾರಿನಿಂದ ತೆಗೆಯುತ್ತಿದ್ದರು.

"ನೀವು ಮಾತಿಗೆ ಅಂದಿದ್ರಿ. ಅವಳು ಮನಸ್ಸಿಗೆ ತಗೊಂಡ್ಲು" ಎಂದರು. "ಮಾರನೇ ದಿನ ರೂಮಿಂದ ಕೆಳಗೇ ಇಳೀಲಿಲ್ಲ. ಎಡೆ ನಾನೊಬ್ಬಳೇ ಇಟ್ಟೆ."

"ನಾನು ಹೇಳಿದ್ದು ತಪ್ಪಲ್ಲ ಶೈಲಜಕ್ಕ."

"ತಪ್ಪು ಅಂತ ನಾನೆಲ್ಲಿ ಅಂದೆ?"

ಎದುರಾಳಿ ಒಪ್ಪಿಕೊಂಡುಬಿಟ್ಟರೆ ಮುಂದೆ ಏನು ಮಾಡಬೇಕೆಂದು ಡಿಬೇಟ್‌ನಲ್ಲಿ ನಮಗೆ ಯಾರೂ ಕಲಿಸಿರಲಿಲ್ಲ.

ಅವರು ಮಿಕ್ಸಿ ಜಾರನ್ನು ಒರೆಸುತ್ತ ಹೇಳಿದರು. "ಸುಧಾ ಅವರು ನನಗೆ ಏನಾಗ್ಬೇಕು ಹೇಳಿ. ಅವಳಿಗೆ ತಾಯಿ. ಅವಳು ಒಂದು ತುತ್ತು ಬಡಿಸಿದ್ರೆ ಅದಕ್ಕೊಂದು ಅರ್ಥ. ನಾಳೆನೂ ಬರಲ್ಲ ಅಂದ್ರೆ ಇದನ್ನ ನಿಲ್ಲಿಸಿಬಿಡ್ತೀನಿ. ಒಬ್ಬಳೇ ಇಡ್ತಾ ಇದ್ರೆ ಯಾರದೋ ಮನೇಲಿ ಯಾರಿಗೋ ಇಟ್ಟ ಹಾಗಿರುತ್ತೆ."

ವಾಪಸ್ ಬಂದು ಕಾರ್ಪೆಟ್ಟಿನ ಮೇಲೆ ಕೂತೆ. ನಾನು ಹೇಳಿದ ಮೂರು ಪಾಯಿಂಟುಗಳಲ್ಲಿ ಒಂದನ್ನೂ ಹಿಂತೆಗೆದುಕೊಳ್ಳಲು ಸಿದ್ಧಳಿರಲಿಲ್ಲ. ಈಗಲೂ ಇಲ್ಲ. ಆದರೆ ಅಷ್ಟು ಹೊತ್ತು ಆ ಕಾರ್ಡುಗಳನ್ನು ಓದಿದ್ದರಿಂದ ಒಂದು ವಿಷಯ ಕಣ್ಣಿಗೆ ಬಿದ್ದಿತ್ತು. ಅದನ್ನು ಬಚ್ಚಿಟ್ಟುಕೊಂಡರೆ ಮೋಸವಾಗುತ್ತಿತ್ತು.

"ಈ ಪಟ್ಟಿಗಳನ್ನ ಮಾಡಿದ್ದು ಯಾರು ನೋಡು" ಅಂದೆ. "ಎಲ್ಲಾ ಪಂಡಿತರು, ಆಮೇಲೆ ಬಂದವರು. ಜೊತೆಗೆ ನಾನು. ಗಂಜಿ, ನೈವೇದ್ಯ ಇಟ್ಟ ಆ ರೈತರು ಅದು ಏನು ಅಂತ ಕೇಳಿದ್ದು ಒಂದು ಕಾರ್ಡಲ್ಲಾದ್ರೂ ಇದೆಯಾ? ಎಲ್ಲಿರುತ್ತೆ, ಏನು ತಿನ್ನುತ್ತೆ, ಏನು ಮಾಡಿದ್ರೆ ಬೇಜಾರಾಗುತ್ತೆ. ಅಷ್ಟೇ ಅವರ ಪ್ರಶ್ನೆ."

ಮೇಘನಾ ಒಂದಷ್ಟು ಕಾರ್ಡುಗಳನ್ನು ತಿರುವಿ ಹಾಕಿದಳು. (ನನ್ನ ಮಾತನ್ನು ಚೆಕ್ ಮಾಡುತ್ತಿದ್ದಳು. ಒಳ್ಳೆಯ ಗುಣ.) ಆಮೇಲೆ ಅಡುಗೆಮನೆಯ ಕಡೆ ತಿರುಗಿ, "ಅಮ್ಮಾ, ವಾಟ್ ಡಿಡ್ ಶಿ ಲೈಕ್? ಟು ಈಟ್?" ಎಂದಳು.

ಶೈಲಜಾ ಬಾಗಿಲಿಗೆ ಬಂದು ನಿಂತರು. "ನಂಗೆ ಗೊತ್ತಿಲ್ಲ ಪುಟ್ಟಾ. ನಾನವರನ್ನ ನೋಡೇ ಇಲ್ವಲ್ಲ. ಎಲ್ಲರಿಗೂ ಇಷ್ಟ ಆಗುತ್ತೆ ಅಂತ ಹೋಳಿಗೆ ಮಾಡ್ತೀನಿ."

ಸೋಫಾದಲ್ಲಿ ಪೇಪರ್ ಹಿಡಿದು ಕೂತಿದ್ದ ರವಿ ಪೇಪರಿನ ಹಿಂದಿನಿಂದಲೇ ಹೇಳಿದರು. "ಅವಳಿಗೆ ಸಿಹಿ ಆಗ್ತಿರಲಿಲ್ಲ."

ಮೂವರೂ ಪೇಪರಿನ ಕಡೆ ತಿರುಗಿದೆವು. ಅವರೇ ಮುಂದುವರಿಸಬೇಕಾಯಿತು. "ಮಂಡಕ್ಕಿ, ಮಿರ್ಚಿ. ಸಾಯಂಕಾಲ ಆದ್ರೆ ಅದು ಇರ್ಲೇಬೇಕು. ಊಟ ಬೇಕಾದ್ರೆ ಬಿಡೋಳು."

"ಆರು ವರ್ಷದಿಂದ ರುಬ್ಬಿ ರುಬ್ಬಿ ಕೈ ಬಿದ್ದು ಹೋಗಿದೆ ನಂದು" ಎಂದರು ಶೈಲಜಾ. "ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ?"

"ನೀನು ಅಷ್ಟು ಆಸೆಯಿಂದ ಮಾಡ್ತಿದ್ದೆ. ಹೇಗೆ ಹೇಳಲಿ?"

"ಅವರ ಹೆಸರಲ್ಲಿ ನೀವೇ ತಿಂತಿದ್ರಿ ಅಂತ ಹೇಳಿ."

ಮೇಘನಾ ಜೋರಾಗಿ ನಕ್ಕಳು. ಶೈಲಜಾ ಆಗಲೇ ಕಾರಿನ ಕೀ ತೆಗೆದುಕೊಂಡಿದ್ದರು. ಹಿಂದೆಯೇ ಶೂ ಹಾಕಿಕೊಂಡು ಮೇಘನಾ ಹೊರಟಳು. ಇಂಡಿಯನ್ ಸ್ಟೋರಿನಲ್ಲಿ ಮಂಡಕ್ಕಿ ಸಿಕ್ಕಿತು. ಮಿರ್ಚಿಗೆ ಬೇಕಾದ ಉದ್ದದ ಮೆಣಸಿನಕಾಯಿ ಸಿಗಲಿಲ್ಲ. ಅಮೆರಿಕನ್ ಅಂಗಡಿಯಿಂದ ಬನಾನಾ ಪೆಪ್ಪರ್ ತಂದರು. ಹೊರಡುವ ಮುಂಚೆ ಮೇಘನಾ ಆ ರಾಜನ ಕಾರ್ಡನ್ನು ಎರಡು ಪಟ್ಟಿಗಳ ನಡುವಿನ ಗೆರೆಯ ಮೇಲೆ, ಅರ್ಧ ಆ ಕಡೆ ಅರ್ಧ ಈ ಕಡೆ ಬರುವಂತೆ ಅಂಟಿಸಿದ್ದಳು. ಮಾರ್ಕ್ಸ್ ಹೋಗುತ್ತೆ ಎಂದೆ. ಹೋಗಲಿ ಎನ್ನುವಂತೆ ಭುಜ ಕುಣಿಸಿದ್ದಳು.

ಭಾನುವಾರ ನನ್ನನ್ನೂ ಊಟಕ್ಕೆ ಕರೆದಿದ್ದರು. ಎಲೆಯ ಮೂಲೆಯಲ್ಲಿ ಮಂಡಕ್ಕಿಯನ್ನು ಗುಡ್ಡೆ ಹಾಕಿ, ಪಕ್ಕದಲ್ಲಿ ಎರಡು ಮಿರ್ಚಿ ಇಟ್ಟವಳು ಮೇಘನಾ. ಫೋಟೋದ ಮುಂದಿನ ಸೀರೆಯ ಮಡಿಕೆಯನ್ನು ಶೈಲಜಾ ಸರಿಮಾಡಿದರು. ಎಡೆ ಇಟ್ಟ ಮೇಲೆ ಹಿರಿಯರು ಬಂದು ಉಣ್ಣಲೆಂದು ಮನೆಯವರೆಲ್ಲ ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಹೊರಗಿರಬೇಕು. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗಬೇಕು. ಹಾಗಾಗಿ ನಲವತ್ತೆಂಟು ಡಿಗ್ರಿ (ಊರಿನ ಲೆಕ್ಕದಲ್ಲಿ ಒಂಬತ್ತು) ಚಳಿಯಲ್ಲಿ ನಾಲ್ಕು ಜನ ಡ್ರೈವ್‌ವೇಯಲ್ಲಿ ಕೈಕಟ್ಟಿ ನಿಂತೆವು. ಎದುರು ಮನೆಯ ಬಿಳಿಯ ಮುದುಕರು ಉದುರಿದ ಎಲೆ ಗುಡಿಸುವುದನ್ನು ನಿಲ್ಲಿಸಿ, ಕೀ ಒಳಗೆ ಬಿಟ್ಟಿರಾ ಎಂದು ಕೇಳಿದರು. ಇಲ್ಲ, ಒಳಗೆ ಗೆಸ್ಟ್ ಇದ್ದಾರೆ ಎಂದರು ರವಿ. ಮುದುಕರು ಇನ್ನೂ ಗೊಂದಲಗೊಂಡು ತಲೆಯಾಡಿಸಿದರು.

ಹತ್ತು ನಿಮಿಷವಾಯಿತು. "ಸಾಕು, ಹೋಗೋಣ" ಎಂದರು ರವಿ.

"ಇನ್ನೈದು ನಿಮಿಷ ಇರಿ" ಎಂದರು ಶೈಲಜಾ. "ಮೊದಲನೇ ಸಲ ಅವರಿಗೆ ಬೇಕಾಗಿದ್ದು ಸಿಕ್ಕಿದೆ."

ಇನ್ನೈದು ನಿಮಿಷ ನಿಂತೆವು. ಆಮೇಲೆ ಯಾರು ಬಾಗಿಲು ತಟ್ಟುವುದು ಎಂಬ ಪ್ರಶ್ನೆ ಬಂತು. "ಆಂಟಿ ತಟ್ಟಲಿ" ಎಂದಳು ಮೇಘನಾ, ಈ ಸಲ ಕನ್ನಡದಲ್ಲಿ. "ಅವರು ನಂಬಲ್ವಲ್ಲ. ಅವರಿಗೆ ಭಯ ಇಲ್ಲ."

ಒಳಗೆ ಯಾರೂ ಇರಲಿಲ್ಲ. ಈ ವಿಷಯದಲ್ಲಿ ನಿಮ್ಮಲ್ಲಿ ಯಾರ ಜೊತೆ ಬೇಕಾದರೂ ವಾದಕ್ಕೆ ಕೂರುತ್ತೇನೆ. ಆದರೆ ಒಂದು ಪ್ರಶ್ನೆಗೆ ಮಾತ್ರ ನನ್ನ ಬಳಿ ಉತ್ತರವಿಲ್ಲ: ಖಾಲಿ ಮನೆಯ ಬಾಗಿಲನ್ನು ನಾನು ಅಷ್ಟು ಮೆಲ್ಲಗೆ ಯಾಕೆ ತಟ್ಟಿದೆ?